ನೆನೆಹಾಕಿದ ಬೇಳೆ, ಉಳಿದ ಹಣ

ಕಳೆದ ವರ್ಷದ ಆಷಾಢಮಾಸದ ಒಂದು ಭಾನುವಾರ, ಸಂಬಳ ಬಂದ ಇಪ್ಪತ್ತು ದಿನಗಳಲ್ಲಿಯೇ ಬರಿದಾಗುತ್ತಿದ್ದ ಖಾತೆಯ ಮರ್ಮವನ್ನರಿಯಬೇಕೆಂದು ಬ್ಯಾಂಕಿನ ಲೆಕ್ಕದ ಹಾಳೆಗಳನ್ನು ಮುಂದಿರಿಸಿಕೊಂಡು ಕುಳಿತಾಗ, ಒಂದೇ ತಿಂಗಳಿನಲ್ಲಿ 22 ಮುಂಜಾವುಗಳಲ್ಲಿ ಮೊಬೈಲಿನ ಮೂಲಕ ನಾವು ತರಿಸಿಕೊಂಡಿದ್ದ ಬರ್ಗರು, ಪಫ್‌ಗಳ ಸಾಲು ನನ್ನ ಕಣ್ಣಿಗೆ ಬಿದ್ದಿತು. ದಂಪತಿಗಳಿಬ್ಬರ ಉಪಾಹಾರಕ್ಕೆ ದಿನಕ್ಕೆ ಸರಾಸರಿ 220 ರೂಪಾಯಿಯಂತೆ ಒಟ್ಟು 4,840 ರೂಪಾಯಿ; ಆ 220ರಲ್ಲಿ ತಿನಿಸಿನ ಬೆಲೆ 150 ಆದರೆ, ಮಿಕ್ಕ 70 ರೂಪಾಯಿ ಪೊಟ್ಟಣ ಕಟ್ಟುವುದಕ್ಕೂ ಬಾಗಿಲಿಗೆ ತಂದೊಪ್ಪಿಸುವುದಕ್ಕೂ ತೆರಿಗೆಗೂ ಸಲ್ಲುತ್ತಿತ್ತು.

ನಾವು ರುಚಿಗೆ ಸೋತವರೇನೂ ಆಗಿರಲಿಲ್ಲ. ಹಸಿವೂ ಆತುರವೂ ಒಂದುಗೂಡುವ ಎಂಟು ಗಂಟೆಯ ಹೊತ್ತಿಗೆ ಮನೆಯಲ್ಲಿ ಏನೊಂದೂ ಸಿದ್ಧವಿಲ್ಲದವನು ಹಣ ತೆರದೆ ಮತ್ತೇನು ಮಾಡಿಯಾನು? ಬೆಳಗಿನ ವೆಚ್ಚವು ಹಿಂದಿನ ದಿನವೇ ನಿಶ್ಚಯವಾಗಿಬಿಡುತ್ತದೆ ಎಂಬುದು ಆಗ ನನಗೆ ಹೊಳೆಯಿತು. ಮಾಗಡಿ ಸೀಮೆಯ ನಮ್ಮ ಹಳೆಯ ಮನೆಯಲ್ಲಿ ಅವ್ವ, ಊಟದೆಲೆಯ ಮುಂದೆ ಎಲ್ಲರೂ ಕುಳಿತಿರುವಾಗಲೇ, "ನಾಳೀಕೆ ಏನ್ ನೆನೆಹಾಕ್ಲಿ?" ಎಂದು ತಪ್ಪದೆ ಕೇಳುತ್ತಿದ್ದುದರಲ್ಲಿ ಗೃಹಕೃತ್ಯದ ಅರ್ಥಶಾಸ್ತ್ರವೇ ಅಡಗಿತ್ತೆಂದು ತಿಳಿಯಲು ನನಗೆ ಇಷ್ಟು ವರ್ಷಗಳು ಬೇಕಾದವು.

ಅಂದಿನಿಂದ ಒಂದು ಪಾವು ಉದ್ದಿನಬೇಳೆಯನ್ನೂ ಒಂದು ಚಮಚ ಮೆಂತ್ಯವನ್ನೂ ಕಚೇರಿಗೆ ಹೊರಡುವ ಮುನ್ನ ನೆನೆಹಾಕಿ, ಸಂಜೆ ನುಣ್ಣಗೆ ರುಬ್ಬಿ, ಮೂರು ಪಾವು ರಾಗಿಹಿಟ್ಟನ್ನು ಅದರೊಡನೆ ಕಲಸಿ, ರಾತ್ರಿಯಿಡೀ ಹುಳಿಬರಲು ಬಿಡುವುದು ನಮ್ಮ ಪರಿಪಾಠವಾಗಿದೆ. ಒಮ್ಮೆ ರುಬ್ಬಿದ್ದು ಫ್ರಿಜ್ಜಿನಲ್ಲಿ ಮೂರು ದಿನ ನಿಲ್ಲುತ್ತದೆ. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಮಿಕ್ಕ ಸುಣ್ಣದ ಸತ್ವವಿದ್ದು, ಅಕ್ಕಿಯಲ್ಲಿ ಅದರ ಹತ್ತನೆಯ ಒಂದು ಪಾಲೂ ಇಲ್ಲ. ಇಂಥ ಧಾನ್ಯ ಸಾಮಾನ್ಯರ ಕೈಗೆಟುಕುವಂತೆ ಉಳಿದಿರುವಾಗ, ಭಾರತದ ಮತ್ತು ಆಫ್ರಿಕದ ರಾಗಿಗಳನ್ನು ಸಂಕರಗೊಳಿಸಿ ಅಧಿಕ ಇಳುವರಿಯ 'ಇಂಡಾಫ್' ತಳಿಗಳನ್ನು ಕೊಟ್ಟ ಮಂಡ್ಯದ ರಾಗಿ ಲಕ್ಷ್ಮಣಯ್ಯನವರನ್ನು ನಾನು ಕೃತಜ್ಞತೆಯಿಂದ ನೆನೆಯುತ್ತೇನೆ.

ಇಬ್ಬರಿಗೆ ದೋಸೆ, ಕಡಲೆಕಾಯಿ ಚಟ್ನಿ, ಎಣ್ಣೆ, ಗ್ಯಾಸು ಎಲ್ಲವೂ ಸೇರಿ ನಮ್ಮ ಲೆಕ್ಕದಲ್ಲಿ 45 ರೂಪಾಯಿ. 22 ದಿನಗಳಿಗೆ 990. ಉಳಿಯತಕ್ಕದ್ದು 3,850. ಪರಿಶ್ರಮದ ಬೆಲೆಯನ್ನೆಣಿಸಬೇಡವೇ ಎಂದು ಮಿತ್ರರು ಕೇಳಿದ್ದುಂಟು. ದೋಸೆ ಹೊಯ್ಯುವ ಇಪ್ಪತ್ತು ನಿಮಿಷಕ್ಕಿಂತ, ತಿಂಡಿ ಬಂತೇ ಎಂದು ಬಾಗಿಲು ಕಾಯುತ್ತಿದ್ದ ಅರ್ಧಗಂಟೆ ದೀರ್ಘವಾಗಿತ್ತೆಂಬುದೇ ನನ್ನ ಉತ್ತರ.

ಉಳಿದುದರಲ್ಲಿ 850 ರೂಪಾಯಿ ಹಾಲು ಹಣ್ಣುಗಳಿಗೆ ಹೋಗುತ್ತದೆ. ಮಿಕ್ಕ 3,000 ಅಂಚೆ ಕಚೇರಿಯ ಐದು ವರ್ಷದ ಆರ್.ಡಿ.ಗೆ, ಸಂಬಳದ ಮರುದಿನವೇ; ಕೈಯಲ್ಲಿ ಬಿಟ್ಟರೆ ಅದು ಬೇರೊಂದು ದಾರಿಯಲ್ಲಿ ಹರಿದುಹೋದೀತೆಂಬ ಭಯದಿಂದ. ನಾನು ಆರಂಭಿಸಿದಾಗಿನ ಶೇಕಡಾ 6.7 ಬಡ್ಡಿಯಲ್ಲಿ, ಕಟ್ಟಿದ 1 ಲಕ್ಷ 80 ಸಾವಿರವು ಅವಧಿಯ ಕೊನೆಗೆ 2 ಲಕ್ಷ 14 ಸಾವಿರದಷ್ಟಾಗುತ್ತದೆ.

ಧನುರ್ಮಾಸದ ಚಳಿಯಲ್ಲಿ ಹಿಟ್ಟು ಉಬ್ಬದೆ ಎರಡು ದಿನ ಉಪ್ಪಿಟ್ಟು ಕೆದಕಿದೆವು, ಮೂರನೆಯ ದಿನ ಹೊರಗಿನಿಂದ ತರಿಸಿದೆವು. ಆ 220 ರೂಪಾಯಿಯನ್ನೂ ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ. ಆ ರಾತ್ರಿ ನನ್ನ ಹೆಂಡತಿ, ಅಡುಗೆ ಮುಗಿದು ಇನ್ನೂ ಬೆಚ್ಚಗಿದ್ದ ಒಲೆಯ ಪಕ್ಕಕ್ಕೆ ಹಿಟ್ಟಿನ ಪಾತ್ರೆಯನ್ನು ಸರಿಸಿ, ದಪ್ಪ ಟವೆಲು ಹೊದಿಸಿದಳು. ಬೆಳಗ್ಗೆ ನೋಡಿದರೆ ಅದು ಮುಚ್ಚಳವನ್ನೆತ್ತಿತ್ತು.