ಕೆಮ್ಮು ಬರಲಿ ಅಂತ ಕಾಯಬೇಡ, ಮಗ

ಏನಪ್ಪಾ, ಬಳ್ಳಾರಿ ರಸ್ತೆ ಪಕ್ಕದ ಟೀ ಅಂಗಡಿ ಹಿಂದೆ ನಿಂತು ಹೊಗೆ ಬಿಟ್ಟರೆ ಯಾರಿಗೂ ಕಾಣಲ್ಲ ಅಂದ್ಕೊಂಡಿದ್ದೀಯ? ಹುಣಸಮಾರನಹಳ್ಳಿ ಎಷ್ಟೇ ಬೆಳೆದರೂ ಇಲ್ಲಿ ಒಬ್ಬರ ಸುದ್ದಿ ಇನ್ನೊಬ್ಬರಿಗೆ ಮುಟ್ಟದೆ ಇರಲ್ಲ. ಬೈಯೋದಿಲ್ಲ, ಕೂತ್ಕೊಂಡು ಕೇಳು.

ಭಾನುವಾರ ಮಟನ್ ಬೇಯದಿದ್ದರೆ ನಿಮ್ಮಜ್ಜಿ ಏನು ಹಾಕ್ತಾಳೆ? ಪರಂಗಿಕಾಯಿ ಹೋಳು. ಅದರ ಹಾಲಿನಲ್ಲಿ ಪಪೇನ್ ಅನ್ನೋ ಕಿಣ್ವ ಇದೆ, ಗಟ್ಟಿ ಮಾಂಸವನ್ನೂ ಮೆತ್ತಗೆ ಮಾಡುತ್ತೆ. 1960ರ ದಶಕದಲ್ಲಿ ಅಮೆರಿಕದ ವಿಜ್ಞಾನಿಗಳು ಅದೇ ಪಪೇನನ್ನ ಇಲಿಗಳ ಶ್ವಾಸಕೋಶಕ್ಕೆ ಬಿಟ್ಟು ನೋಡಿದರು. ಗಾಳಿಗೂಡುಗಳ ಗೋಡೆ ಹರಿದು ಇಲಿಗಳಿಗೆ ಎಂಫಿಸೀಮ ಅನ್ನೋ ಶ್ವಾಸಕೋಶದ ಕಾಯಿಲೆ ಬಂತು.

ನಿನ್ನೊಳಗೂ ಅಂಥದೊಂದು ಕಿಣ್ವ ಇದೆ, ಎಲಾಸ್ಟೇಸ್ ಅಂತ. ರೋಗಾಣು ಕೊಲ್ಲೋಕೆ ಬಿಳಿ ರಕ್ತಕಣಗಳು ಇಟ್ಕೊಂಡಿರೋದು. ಅದು ನಮ್ಮ ಶ್ವಾಸಕೋಶವನ್ನೇ ತಿನ್ನದ ಹಾಗೆ ಯಕೃತ್ತು ಆಲ್ಫಾ-1 ಆಂಟಿಟ್ರಿಪ್ಸಿನ್ ಅನ್ನೋ ಪ್ರೋಟೀನು ತಯಾರಿಸಿ ಕಳಿಸುತ್ತೆ. ಕೆಲವರಿಗೆ ಹುಟ್ಟಿನಿಂದಲೇ ಅದರ ಕೊರತೆ. ಅಂಥವರ ಶ್ವಾಸಕೋಶ ಬೇಗ ಕೆಡುತ್ತೆ ಅಂತ 1963ರಲ್ಲಿ ಸ್ವೀಡನ್ನಿನ ಲಾರೆಲ್ ಮತ್ತು ಎರಿಕ್ಸನ್ ತೋರಿಸಿದರು. ಅವರದಾದರೆ ಹಣೆಬರಹ. ನೀನು ಕಾಸು ಕೊಟ್ಟು ಅದೇ ಕಷ್ಟ ತರಿಸ್ಕೋತಿದ್ದೀಯಲ್ಲೋ! ಹೊಗೆ ಒಳಗೆ ಹೋದರೆ ಬಿಳಿ ಕಣಗಳು ಗುಂಪು ಕಟ್ಟಿ ಬರ್ತವೆ, ಕಾಯಬೇಕಾದ ಪ್ರೋಟೀನು ನಿಷ್ಕ್ರಿಯವಾಗುತ್ತೆ.

"ನನಗೆ ಕೆಮ್ಮೇ ಇಲ್ಲ ತಾತ" ಅಂತೀಯ. ಮೋಸ ಇರೋದೇ ಅಲ್ಲಿ. ಗಾಳಿಗೂಡುಗಳು ಕೋಟಿಗಟ್ಟಲೆ ಇವೆ, ಬಹಳಷ್ಟು ಹಾಳಾಗೋ ತನಕ ಗೊತ್ತೇ ಆಗಲ್ಲ. ಗೊತ್ತಾಗೋ ಹೊತ್ತಿಗೆ ಮೆಟ್ಟಿಲ ಮಧ್ಯೆ ಕಂಬಿ ಹಿಡ್ಕೊಂಡು ನಿಂತಿರ್ತೀಯ. ಹರಿದ ಗೋಡೆ ಮತ್ತೆ ಬೆಳೆಯಲ್ಲ. ಸೇದೋದು ಬಿಟ್ಟರೆ ಉಳಿದದ್ದು ಹಾಳಾಗೋ ವೇಗ ತಗ್ಗುತ್ತೆ, ಅಷ್ಟು ಲಾಭ ಉಂಟು.

ಹೊಗೆಯಿಂದ ಶ್ವಾಸಕೋಶ ಕೆಡೋದು ಬರೀ ಸೇದುವವರಿಗೂ ಅಲ್ಲ. ಬೆಳಗ್ಗೆ ಹಂಡೆ ಒಲೆಗೆ ತೆಂಗಿನ ಗರಿ, ಚಿಪ್ಪು ತುರುಕಿ, ಕಣ್ಣಲ್ಲಿ ನೀರು ಸುರಿಸ್ಕೊಂಡು ಊದೋಳು ನಿಮ್ಮಜ್ಜಿ. "ನೀರು ಕಾದಿತಾ?" ಅಂತ ಕೂಗೋದಷ್ಟೇ ನಿನ್ನ ಕೆಲಸ. ಮೈಸೂರು, ನಂಜನಗೂಡು ಕಡೆ ಹೆಂಗಸರನ್ನ ಪರೀಕ್ಷಿಸಿದ ವೈದ್ಯರು ಒಂದು ಲೆಕ್ಕ ಹಾಕಿದರು: ಒಲೆ ಮುಂದೆ ದಿನಕ್ಕೆ ಎಷ್ಟು ಗಂಟೆ, ಹಾಗೆ ಎಷ್ಟು ವರ್ಷ, ಎರಡನ್ನೂ ಗುಣಿಸು. 60 ಮುಟ್ಟಿದರೆ ಬಿಡದ ಕಫ-ಕೆಮ್ಮಿನ ಅಪಾಯ ಏರುತ್ತೆ. ದಿನಕ್ಕೆ 3 ಗಂಟೆ ಅಂದರೆ 20 ವರ್ಷ ಸಾಕು. ಅವಳು ಯಾವಾಗಲೋ ದಾಟಿದಾಳೆ.

ಹೊಸ ಮೊಬೈಲು ಆಮೇಲೆ ಕೊಳ್ಳುವಿಯಂತೆ, ಮೊದಲು ಬಚ್ಚಲಿಗೆ ಗೀಸರ್ ಹಾಕಿಸು. ಅಜ್ಜಿನ ಕರ್ಕೊಂಡು ಹೋಗಿ ಸ್ಪೈರೋಮೆಟ್ರಿ ಅನ್ನೋ ಊದೋ ಶ್ವಾಸಕೋಶ ಪರೀಕ್ಷೆ ಮಾಡಿಸು, ಪಕ್ಕದಲ್ಲೇ ನೀನೂ ಒಮ್ಮೆ ಊದು. ಸಿಗರೇಟು ಬಿಡೋಕೆ ಆಗ್ತಿಲ್ಲ ಅಂದ್ರೆ 1800-11-2356ಕ್ಕೆ ಫೋನ್ ಮಾಡು, ಕಾಸು ಬೀಳಲ್ಲ. ನಮ್ಮ ನಿಮ್ಹಾನ್ಸ್‌ನಲ್ಲೂ ಆ ಸಹಾಯವಾಣಿಯ ಕೇಂದ್ರ ಇದೆ, ಕನ್ನಡದಲ್ಲೇ ಮಾತಾಡಬಹುದು.