ವೇರೂಳ್ ಮತ್ತು ಪೊಂಪೇಯಿ: ಲಾವಾ ಶಿಲೆ ಬೇರೆ, ಬೂದಿಯ ಹೊದಿಕೆ ಬೇರೆ

ಪೊಂಪೇಯಿ, ವೇರೂಳ್ (ಎಲ್ಲೋರ) ಎರಡನ್ನೂ ‘ಜ್ವಾಲಾಮುಖಿ ಕಾಪಾಡಿದ ತಾಣ’ ಎಂದು ಒಂದೇ ಪಟ್ಟಿಗೆ ಸೇರಿಸುವುದು ತಪ್ಪು. ಕ್ರಿ.ಶ. 79ರಲ್ಲಿ ವೆಸೂವಿಯಸ್ ಸ್ಫೋಟಿಸಿದಾಗ ಪೊಂಪೇಯಿ, ಹರ್ಕ್ಯುಲೇನಿಯಂ ಜನವಸತಿ ಇದ್ದಾಗಲೇ ಹೂತುಹೋದವು. ಉತ್ಖನನ ಶುರುವಾದದ್ದು ಕ್ರಮವಾಗಿ 1748 ಮತ್ತು 1738ರಲ್ಲಿ. ಪೊಂಪೇಯಿಯಲ್ಲಿ ಗಟ್ಟಿಯಾದ ಬೂದಿಯೊಳಗೆ ದೇಹಗಳು ಕೊಳೆತು ಉಳಿದ ಪೊಳ್ಳುಗಳಿಗೆ 1863ರಲ್ಲಿ ಪುರಾತತ್ವಜ್ಞ ಫಿಯೊರೆಲ್ಲಿ ದ್ರವರೂಪದ ಪ್ಲಾಸ್ಟರ್ ಸುರಿಸಿ ಅಚ್ಚು ತೆಗೆಸಿದರು. ಉಟ್ಟ ಬಟ್ಟೆಯ ಮಡಿಕೆಗಳೂ ಅದರಲ್ಲಿ ಮೂಡಿದವು.

ವೇರೂಳಿನಲ್ಲಿ ಲಾವಾದಡಿ ಯಾವ ಊರೂ ಹೂತಿಲ್ಲ. ಸುಮಾರು 6.6 ಕೋಟಿ ವರ್ಷಗಳ ಹಿಂದೆ, ಶಂಕುವಿನಾಕಾರದ ಬೆಟ್ಟದಿಂದಲ್ಲ, ನೆಲದ ಬಿರುಕುಗಳಿಂದ ಹರಿದ ಲಾವಾ ಪದರಪದರವಾಗಿ ಬಸಾಲ್ಟ್ ಆಯಿತು. ಆ ಶಿಲೆಯ ಗಟ್ಟಿತನವೇ ಅದರಲ್ಲಿ ಕಡಿದ ಗುಹೆಗಳನ್ನು ಉಳಿಸಿತಲ್ಲವೇ ಎಂಬ ಆಕ್ಷೇಪದಲ್ಲಿ ಅರ್ಧ ಸತ್ಯವಿದೆ. ಆದರೆ ಶಿಲೆ ಕೊಟ್ಟದ್ದು ಸಾಮಗ್ರಿ ಮಾತ್ರ. ಮೇಲಿನಿಂದ ಕೆಳಕ್ಕೆ ಕಡಿದ ಕೈಲಾಸ ದೇವಾಲಯ (16ನೇ ಗುಹೆ) ರಾಷ್ಟ್ರಕೂಟ ಒಂದನೇ ಕೃಷ್ಣನ (756–773) ಕಾಲದ ಶಿಲ್ಪಿಗಳ ಸಾಧನೆ. ಸುತ್ತಲಿನ ಬಂಡೆಗೋಡೆಯಲ್ಲಿ ಅವರ ಉಳಿಯ ಗೀರುಗಳು ಈಗಲೂ ಕಾಣುತ್ತವೆ. ಕೃಷ್ಣನಿಗೆ ಮುಂಚಿನ ದೊರೆ ದಂತಿದುರ್ಗನ ಶಾಸನ ಇರುವುದು ಇಲ್ಲಲ್ಲ, 15ನೇ ಗುಹೆಯಲ್ಲಿ. ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ವೇರೂಳ್ ಸೇರಿದ್ದು 1983ರಲ್ಲಿ, ಪೊಂಪೇಯಿ 1997ರಲ್ಲಿ.