ಪಿಕಳಾರದ ರೆಕ್ಕೆ, ಫ್ಲ್ಯಾಶಿನ ಲೆಕ್ಕ

ದ್ವಿತೀಯ ಪಿಯುಸಿ ವಾಣಿಜ್ಯ ವಿಭಾಗದವನು ಫೋಟೋಗ್ರಫಿ ಬಗ್ಗೆ ಏಕೆ ಬರೆಯುತ್ತಾನೆ ಎಂದು ಸ್ನೇಹಿತರು ಕೇಳಬಹುದು. ಇದರಲ್ಲಿ ಇರುವುದೂ ಲೆಕ್ಕವೇ. ಕ್ಯಾಮೆರಾ ಮತ್ತು ಎರಡು ಫ್ಲ್ಯಾಶ್ ನನ್ನ ಚಾಚಾ ಅವರದು. ಅವರು ಮದುವೆ ಫೋಟೋ ತೆಗೆಯುವವರು. ಹಕ್ಕಿಗಳು ನಮ್ಮ ದಾದಿಯವರದು ಎಂದೇ ಹೇಳಬೇಕು. ದಿನವೂ ಬೆಳಿಗ್ಗೆ ತಾರಸಿಯಲ್ಲಿ ಮಣ್ಣಿನ ತಟ್ಟೆಗೆ ನೀರು ಹಾಕಿ, ಪಕ್ಕದಲ್ಲಿ ಪಪ್ಪಾಯಿ ಹಣ್ಣಿನ ಹೋಳು ಇಡುತ್ತಾರೆ. ಫೋಟೋ ತೆಗೆಯಲು ಅವರು ಒಪ್ಪಿದ್ದು ಒಂದೇ ಷರತ್ತಿನ ಮೇಲೆ: ಬೆಳಕಿಗೆ ಹೆದರಿ ಒಂದು ಹಕ್ಕಿ ಬರುವುದು ನಿಂತರೂ ಫ್ಲ್ಯಾಶ್ ಕೆಳಗಿಳಿಯಬೇಕು.

ಹೆಚ್ಚಾಗಿ ಬರುವುದು ಪಿಕಳಾರ. ತಲೆಯ ಮೇಲೆ ಕಪ್ಪು ಜುಟ್ಟು, ಬಾಲದ ಬುಡದಲ್ಲಿ ಕೆಂಪು. ಮನೆಯಲ್ಲಿ ನಾವು ಬುಲ್‌ಬುಲ್ ಎನ್ನುತ್ತೇವೆ. (ಪಾರಸಿ ಕಾವ್ಯದ ಬುಲ್‌ಬುಲ್ ನೈಟಿಂಗೇಲ್ ಎಂಬ ಬೇರೆಯೇ ಹಕ್ಕಿ. ದಾದಿ ಇದನ್ನು ಒಪ್ಪುವುದಿಲ್ಲ.)

ಪಿಕಳಾರ ಹಣ್ಣಿನ ಮೇಲೆ ಇಳಿಯುವಾಗ ರೆಕ್ಕೆ ಬಿಚ್ಚುತ್ತದೆ. ಆ ಕ್ಷಣ ಸ್ಪಷ್ಟವಾಗಿ ಬೇಕು. ಆದರೆ ಫ್ಲ್ಯಾಶ್ ಜೊತೆ ಹೆಚ್ಚಿನ ಕ್ಯಾಮೆರಾಗಳ ಶಟರ್ ಸಾಮಾನ್ಯವಾಗಿ ಸೆಕೆಂಡಿನ 1/200 ಅಥವಾ 1/250 ಭಾಗಕ್ಕಿಂತ ವೇಗವಾಗಿ ಓಡಲಾರದು. ಅಷ್ಟರಲ್ಲಿ ರೆಕ್ಕೆಯ ತುದಿ ಮಸುಕಾಗುತ್ತದೆ. ರೆಕ್ಕೆಯನ್ನು ಹಿಡಿದು ನಿಲ್ಲಿಸುವುದು ಶಟರ್ ಅಲ್ಲ, ಫ್ಲ್ಯಾಶ್. ಫ್ಲ್ಯಾಶಿನ ಪವರ್ ಕಡಿಮೆ ಮಾಡಿದರೆ ಬೆಳಕು ಮಂದವಾಗುತ್ತದೆ ಎಂದು ನಾನೂ ತಿಳಿದಿದ್ದೆ. ಹಾಗಲ್ಲ. ಅದೇ ಬೆಳಕು, ಬೇಗ ಆರುತ್ತದೆ. 1/16 ಪವರ್‌ನಲ್ಲಿ ಹಲವು ಫ್ಲ್ಯಾಶ್‌ಗಳು ಉರಿಯುವುದು ಸೆಕೆಂಡಿನ ಸುಮಾರು 1/10,000 ಭಾಗ ಮಾತ್ರ.

ಕಡಿಮೆ ಹೊತ್ತು ಎಂದರೆ ಕಡಿಮೆ ಬೆಳಕು, ಆದ್ದರಿಂದ ಫ್ಲ್ಯಾಶ್ ಹತ್ತಿರ ಇರಬೇಕು. ಎಷ್ಟು ಹತ್ತಿರ? ಪ್ರತಿ ಫ್ಲ್ಯಾಶಿಗೂ ಗೈಡ್ ನಂಬರ್ ಇರುತ್ತದೆ. ಅದನ್ನು ಎಫ್ ಸಂಖ್ಯೆಯಿಂದ ಭಾಗಿಸಿದರೆ ದೂರ ಸಿಗುತ್ತದೆ. ಐಎಸ್‌ಒ 100ರಲ್ಲಿ ಗೈಡ್ ನಂಬರ್ 40 ಮೀಟರ್ ಎಂದುಕೊಳ್ಳಿ. 1/16 ಪವರ್‌ಗೆ 16ರ ವರ್ಗಮೂಲ 4ರಿಂದ ಭಾಗಿಸಬೇಕು: 10. ಎಫ್/11 ಇಟ್ಟರೆ 10 ಭಾಗ 11, ಅಂದರೆ ಸುಮಾರು 90 ಸೆಂಟಿಮೀಟರ್. ಹಿಂದಿನ ಗೋಡೆ ಫ್ಲ್ಯಾಶಿನಿಂದ ಇದರ ನಾಲ್ಕರಷ್ಟು ದೂರವಿದ್ದರೆ ಅಲ್ಲಿಗೆ ತಲುಪುವುದು ಹದಿನಾರನೇ ಒಂದು ಪಾಲು ಬೆಳಕು. ಹಗಲಲ್ಲೂ ರಾತ್ರಿಯಂತೆ ಕಪ್ಪು. ಅದಕ್ಕೇ ನಾನು ಹಣ್ಣಿನ ಹಿಂದೆ ಎಲೆಗಳಿರುವ ನುಗ್ಗೆ ಕೊಂಬೆ ಕಟ್ಟುತ್ತೇನೆ.

ಇನ್ನೊಂದು ಪರೀಕ್ಷೆ. ಫ್ಲ್ಯಾಶ್ ಆರಿಸಿ, ಬೇರೇನೂ ಬದಲಿಸದೆ ಒಂದು ಚಿತ್ರ ತೆಗೆಯಿರಿ. ಅದು ಬಹುತೇಕ ಕಪ್ಪಾಗಿರಬೇಕು. ಹಕ್ಕಿ ಕಾಣಿಸಿದರೆ ಸೂರ್ಯನ ಬೆಳಕು ಹೆಚ್ಚಾಗಿದೆ ಎಂದರ್ಥ. ಸ್ಪಷ್ಟ ರೆಕ್ಕೆಯ ಪಕ್ಕದಲ್ಲೇ ದೆವ್ವದಂತೆ ಮಸುಕು ರೆಕ್ಕೆಯೂ ಮೂಡುತ್ತದೆ. ಫ್ಲ್ಯಾಶನ್ನು ಕ್ಯಾಮೆರಾ ತಲೆಯ ಮೇಲೆ ಕೂರಿಸಬೇಡಿ, ಗರಿಗಳೆಲ್ಲ ಚಪ್ಪಟೆಯಾಗುತ್ತವೆ. ಎರಡೂ ಬದಿಯಿಂದ ಓರೆಯಾಗಿ, ಬಿಳಿ ಬಟ್ಟೆಯ ಮೂಲಕ ಬರಲಿ.

ಅಮೆರಿಕದ ಡುಪಾಂಟ್ ಕಂಪನಿಯ ಅಧ್ಯಕ್ಷರಾಗಿದ್ದ ಕ್ರಾಫರ್ಡ್ ಗ್ರೀನ್‌ವಾಲ್ಟ್ ಅತಿ ವೇಗದ ಫ್ಲ್ಯಾಶ್ ಬಳಸಿ ಹಮ್ಮಿಂಗ್‌ಬರ್ಡ್‌ಗಳ ಚಿತ್ರ ತೆಗೆದು 1960ರಲ್ಲಿ ಪುಸ್ತಕ ತಂದರು. ಅಷ್ಟು ದೊಡ್ಡ ಕಂಪನಿ ನಡೆಸುವವರಿಗೂ ಪುರುಸೊತ್ತು ಸಿಗುತ್ತಿತ್ತು ಎಂಬುದನ್ನು ನಮ್ಮ ವಿಭಾಗದವರು ಗಮನಿಸಬೇಕು.

ಇನ್ನು ದಾದಿಯ ಷರತ್ತು. ಹಳೆಯ ಅಕೌಂಟೆನ್ಸಿ ನೋಟ್‌ಬುಕ್‌ನಲ್ಲಿ ಎಡಕ್ಕೆ ಬಂದ ಹಕ್ಕಿ, ಬಲಕ್ಕೆ ಫ್ಲ್ಯಾಶಿನ ನಂತರ ಮರಳಿ ಬಂದ ಹಕ್ಕಿ ಎಂದು ಬರೆದಿಟ್ಟೆ. ಮೊದಲ ನಾಲ್ಕು ದಿನ ಸ್ಟ್ಯಾಂಡ್‌ಗಳನ್ನು ಬೆಳಕು ಹಾಯಿಸದೆ ಸುಮ್ಮನೆ ನಿಲ್ಲಿಸಿದ್ದೆ. ಪಿಕಳಾರಗಳು ಬೆಳಕಿಗೂ ಜಗ್ಗಲಿಲ್ಲ, ತಿನ್ನುತ್ತಲೇ ಇದ್ದವು. ಆದರೆ ನಸುಕಿನಲ್ಲಿ ನೀರಿಗೆ ಬರುವ ಮಡಿವಾಳ ಹಕ್ಕಿ ಒಂದೇ ಮಿಂಚಿಗೆ ಹಾರಿಹೋಯಿತು, ಎರಡು ದಿನ ಬರಲಿಲ್ಲ. ಬಲಗಡೆ ಖಾಲಿ. ದಾದಿ ಏನೂ ಹೇಳಲಿಲ್ಲ, ನೋಟ್‌ಬುಕ್ ನೋಡಿದರು. ಫ್ಲ್ಯಾಶ್ ಕೆಳಗಿಳಿಯಿತು.

ಮೂರನೆಯ ದಿನ ಮಡಿವಾಳ ಮರಳಿತು. ಈಗಿನ ಒಪ್ಪಂದ ಹೀಗಿದೆ: ಅದು ನೀರು ಕುಡಿದು ಹೋದ ಮೇಲೆಯೇ ಫ್ಲ್ಯಾಶ್ ಮೇಲೆ ಹತ್ತಬೇಕು, ಹಕ್ಕಿ ಒಮ್ಮೆ ಬಂದರೆ ಎರಡೇ ಚಿತ್ರ, ಗೂಡಿನ ಹತ್ತಿರ ಒಂದೂ ಇಲ್ಲ. ಅಷ್ಟು ಹೊತ್ತಿಗೆ ಏಳು ಗಂಟೆ. ಏಳೂವರೆಗೆ ಬಿಸಿಲು ತಟ್ಟೆಯ ಮೇಲೆ ಬೀಳುತ್ತದೆ. ನನಗೆ ಉಳಿಯುವುದು ಅರ್ಧ ಗಂಟೆ, ಅದರಲ್ಲೇ ಕಾಲೇಜಿಗೆ ಸಿದ್ಧವಾಗಬೇಕು.